ಗ್ರಂಥಪಾಲಕರ ವೃತ್ತಿ ಕಲಿಕೆ: ಚಿಕ್ಕಮಗಳೂರು ಮಲೆನಾಡು

ಕೆಲಸಕ್ಕೆ ಸೇರಿದ ಬಳಿಕವೂ ಗ್ರಂಥಪಾಲಕರು ವರ್ಗೀಕರಣ, ಸೂಚೀಕರಣ, ತಂತ್ರಾಂಶ, ಓದುಗಸೇವೆಗಳ ಹೊಸ ವಿಧಾನಗಳನ್ನು ಕಲಿಯುತ್ತ ಹೋಗುವ ಕ್ರಮವೇ ವೃತ್ತಿ ಕಲಿಕೆ. ಗ್ರಂಥಾಲಯವನ್ನು ಬೆಳೆಯುವ ಜೀವಿಯೆಂದು ಕಂಡ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ (ಡಿ.ಆರ್.ಟಿ.ಸಿ.) ಸ್ಥಾಪಿಸಿದರು. ಮಲೆನಾಡಿಗೆ ಹತ್ತಿರವಿರುವುದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗ.

ಕಲಿಕೆಯ ಒತ್ತಡ ಹೆಚ್ಚಿರುವುದು ಹಳ್ಳಿಗಳಲ್ಲಿ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. ಮುಂದೆ ಅವಕ್ಕೆ ಅರಿವು ಕೇಂದ್ರವೆಂಬ ಹೆಸರು ಬಂತು. 2020ರಲ್ಲಿ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವೂ ಆರಂಭವಾಯಿತು. ಪತ್ರಿಕೆ ಜೋಡಿಸಿ ಪುಸ್ತಕ ಕೊಡುತ್ತಿದ್ದ ಮೇಲ್ವಿಚಾರಕರು ಈಗ ಮಕ್ಕಳಿಗೆ ಓದಿನ ಚಟುವಟಿಕೆ ನಡೆಸಬೇಕು, ಕಂಪ್ಯೂಟರನ್ನೂ ಬಳಸಬೇಕು. ಇಷ್ಟೆಲ್ಲ ನಿರೀಕ್ಷಿಸುವಾಗ ಕಲಿಯಲು ಸಂಬಳಸಹಿತ ಸಮಯ ಕೊಡುವುದೇ ನ್ಯಾಯ.

ಕನ್ನಡ ಸೂಚಿಯ ಕೆಲಸವನ್ನೇ ನೋಡಿ. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ ಪಟ್ಟಿ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಅದರಲ್ಲಿ ‘ಕರ್ವಾಲೊ’ ಕಾದಂಬರಿಯನ್ನು ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಂದೊಂದಾಗಿ ಪರಿಶೀಲಿಸಬೇಕು. ಆ ಕಾದಂಬರಿ ಬರೆದ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದ್ದರ ಮಹತ್ವ ಇಂಥಲ್ಲಿ ಕಾಣುತ್ತದೆ.

ಬಾಳೆಹೊನ್ನೂರು ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದಂಥ ಕಡೆ ಅಗತ್ಯವೇ ಬೇರೆ: ಕಾಫಿ ಗಿಡದ ಬೋರರ್ ಕೀಟ, ಎಲೆತುಕ್ಕು ರೋಗ ಕುರಿತ ಹೊಸ ಲೇಖನಗಳನ್ನು ವಿಜ್ಞಾನಿಗಳಿಗೆ ತಲುಪಿಸುವುದು.

ಕಳಸದ ಕಡೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಕೈಕೊಡುವುದರಿಂದ ಆನ್‌ಲೈನ್ ತರಗತಿಯೊಂದನ್ನೇ ನೆಚ್ಚಲಾಗದು. ಬೂಷ್ಟು ಹಿಡಿದ ಪುಸ್ತಕವನ್ನು ಬೇರೆಯಿಟ್ಟು, ಗಾಳಿಗೆ ಒಣಗಿಸಿ, ಮೆದು ಕುಂಚದಿಂದ ಒರೆಸುವ ಸಂರಕ್ಷಣಾ ವಿದ್ಯೆಯನ್ನು ಎದುರು ಕೂತೇ ಕಲಿಯಬೇಕು.