ರುಚಿಗೆ ಸಾಕ್ಷಿ ಯಾರು?

ಕೆಲವು ವರ್ಷಗಳ ಹಿಂದೆ ಒಂದು ಹಿಂದಿ ಅಡುಗೆ ಸ್ಪರ್ಧೆಯ ನಾಲ್ಕು ಕಂತುಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವ ಕೆಲಸ ಸಿಕ್ಕಿತ್ತು. ನೊಯ್ಡಾದ ನನ್ನ ಬಾಡಿಗೆ ಮನೆಯಲ್ಲಿ, ಗ್ಯಾಸ್ ಮೇಲೆ ಅನ್ನಕ್ಕಿಟ್ಟು ಕೂತು ಮಾಡಿದ ಕೆಲಸ. ತೀರ್ಪುಗಾರರೊಬ್ಬರು ಒಂದು ತುತ್ತು ಬಾಯಿಗಿಟ್ಟು, ಮಸಾಲೆ ಸರಿಯಾಗಿ 'ಭುನಾ' ಆಗಿಲ್ಲ ಎಂದರು. 'ಹುರಿದಿಲ್ಲ' ಎಂದು ಬರೆದೆ, ಅಳಿಸಿದೆ. ಹುರಿಯುವುದು ಎಂದರೆ ನಮ್ಮ ಮನೆಯಲ್ಲಿ ಮೊದಲು ನೆನಪಾಗುವುದು ಒಣ ಬಾಣಲೆ, ಧನಿಯಾ, ಬ್ಯಾಡಗಿ ಮೆಣಸಿನಕಾಯಿ. 'ಭೂನ್‌ನಾ' ಬೇರೆಯೇ. ಈರುಳ್ಳಿ, ಮಸಾಲೆಯನ್ನು ಎಣ್ಣೆಯಲ್ಲಿ ಕೈಯಾಡಿಸುತ್ತಾ, ತಳ ಹಿಡಿಯುವ ಹೊತ್ತಿಗೆ ನೀರು ಚಿಮುಕಿಸಿ, ಮತ್ತೆ ಕೈಯಾಡಿಸಿ, ಕೊನೆಗೆ ಎಣ್ಣೆ ಬದಿಗೆ ಬರುವ ತನಕ ಕಾಯುವ ಕೆಲಸ ಅದು. ಇಷ್ಟನ್ನೆಲ್ಲ ಒಂದು ಸಾಲಿಗೆ ತುರುಕುವಂತಿಲ್ಲ. 'ಮಸಾಲೆ ಹದಕ್ಕೆ ಬಂದಿಲ್ಲ' ಎಂದು ಬರೆದು ಕಳಿಸಿದೆ. ತಪ್ಪೇನಲ್ಲ. ಆದರೆ ಆ ಬಾಣಸಿಗನ ಕೈ ಎಲ್ಲಿ ಸೋತಿತು ಎಂಬುದು ಆ ಸಾಲಿನಲ್ಲಿ ಉಳಿಯಲಿಲ್ಲ.

ಟೀವಿ ನೋಡುವವರಿಗೆ ರುಚಿ ಸಿಗುವುದಿಲ್ಲ, ಸಿಗುವುದು ಮಾತು ಮಾತ್ರ. ನಳೋಪಾಖ್ಯಾನದಲ್ಲಿ ಬಾಹುಕ ಬೇಯಿಸಿದ್ದನ್ನು ತಾನೇ ತಿಂದು ನೋಡಿ ದಮಯಂತಿ ಇವನು ನಳನೇ ಎಂದು ಗುರುತು ಹಿಡಿಯುತ್ತಾಳೆ. ಅಲ್ಲಿ ಸಾಕ್ಷಿ ನಾಲಿಗೆ. ಟೀವಿಯಲ್ಲೂ ಸಾಕ್ಷಿ ನಾಲಿಗೆಯೇ, ಆದರೆ ಅದು ತಿನ್ನುವ ನಾಲಿಗೆಯಲ್ಲ, ಆಡುವ ನಾಲಿಗೆ. ಹಾಗಾದರೆ ಅದು ಯಾವ ಭಾಷೆಯನ್ನು ಆಡುತ್ತದೆ? ಹೋಟೆಲ್ ಅಡುಗೆಮನೆಯಲ್ಲಿ ಜೀವ ತೇಯ್ದವರಿಗೆ ಇದು ಸಣ್ಣ ಪ್ರಶ್ನೆಯಲ್ಲ.

ದೆಹಲಿಯ ದೊಡ್ಡ ಹೋಟೆಲ್‌ಗಳ ಅಡುಗೆಮನೆಯಲ್ಲಿ ಎರಡು ದಾರಿಯಿಂದ ಬಂದವರು ಪಕ್ಕಪಕ್ಕ ನಿಂತಿದ್ದಾರೆ. ಒಂದು, ಪೂಸಾದಂಥ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ದಾರಿ. ಪೂಸಾದ್ದು ಶುರುವಾದದ್ದು 1962ರಲ್ಲಿ. ಅಲ್ಲಿ ಫ್ರೆಂಚ್ ಹೆಸರುಗಳನ್ನು, ಇಂಗ್ಲಿಷ್ ಮಾತನ್ನು ಕಲಿಸುತ್ತಾರೆ. 'ಶೆಫ್' ಎಂಬ ಫ್ರೆಂಚ್ ಮಾತಿನ ಅರ್ಥವೇ ಮುಖ್ಯಸ್ಥ. ಅದು ಹುದ್ದೆಯ ಹೆಸರು, ಒಲೆಗೂ ಅದಕ್ಕೂ ನೇರ ಸಂಬಂಧವಿಲ್ಲ. ಇನ್ನೊಂದು ಉಸ್ತಾದರ ದಾರಿ. ಅವಧ್‌ನಲ್ಲಿ ದೊಡ್ಡ ಹಂಡೆಯಲ್ಲಿ ಬೇಯಿಸುವವನು ಬಾವರ್ಚಿ, ಸ್ವಲ್ಪವೇ ಮಾಡಿ ನಾಜೂಕಾಗಿ ಬಡಿಸುವವನು ರಕಾಬ್‌ದಾರ್. ಲಖನೌದ ಇಮ್ತಿಯಾಜ್ ಕುರೇಶಿ ಆ ದಾರಿಯವರು. ಐಟಿಸಿ ಹೋಟೆಲ್‌ಗಳಲ್ಲಿ ದಮ್ ಅಡುಗೆಗೆ ಹೆಸರು ತಂದವರು, 2016ರಲ್ಲಿ ಪದ್ಮಶ್ರೀ ಪಡೆದು 2024ರಲ್ಲಿ ತೀರಿಕೊಂಡರು. ನಮ್ಮ ಪತ್ರಿಕೆಗಳು ಈ ಇಬ್ಬರಿಗೂ ಒಂದೇ ಮಾತು ಬಳಸುತ್ತವೆ: 'ಬಾಣಸಿಗ'. ಸಂಸ್ಕೃತದ 'ಮಹಾನಸ' ಸವೆದು ಸವೆದು ಹುಟ್ಟಿದ ಹಳಗನ್ನಡ ಪದ. ಮೂಲದಲ್ಲಿ ಅಡುಗೆಮನೆಯವನು, ಅಷ್ಟೇ. ನನಗೆ ಇದೇ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ.

ಟೀವಿಗೆ ಮೊದಲು ಹೋದವರು ಪೂಸಾ ದಾರಿಯವರು. ಅಲ್ಲೇ ಓದಿದ ಸಂಜೀವ್ ಕಪೂರ್ 1993ರಲ್ಲಿ ಜೀ ಟೀವಿಯಲ್ಲಿ 'ಖಾನಾ ಖಜಾನಾ' ಶುರುಮಾಡಿದರು. ಮೊದಲು ಯೋಚಿಸಿದ್ದ ಹೆಸರು 'ಶ್ರೀಮಾನ್ ಬಾವರ್ಚಿ' ಎಂದು ಅವರೇ ಹೇಳಿಕೊಂಡಿದ್ದಾರೆ. ಬಾವರ್ಚಿ ಶೀರ್ಷಿಕೆಯಲ್ಲೇ ಬಿದ್ದುಹೋದ. ಅದು ಸ್ಪರ್ಧೆಯಲ್ಲ, ಪಾಠ. 2010ರಲ್ಲಿ 'ಮಾಸ್ಟರ್‌ಶೆಫ್ ಇಂಡಿಯಾ' ಬಂದಾಗ ಸ್ಪರ್ಧೆಗೆ ನಿಂತವರು ಮನೆಯಡುಗೆಯವರು. ಮೊದಲ ವರ್ಷ ಗೆದ್ದ ಪಂಕಜ್ ಭದೌರಿಯಾ ಲಖನೌದ ಶಾಲಾ ಶಿಕ್ಷಕಿ. ವೃತ್ತಿಯವರು ತೀರ್ಪಿನ ಮೇಜಿನಾಚೆ ಕೂತರು. ಗುರುಗ್ರಾಮದ ಪಂಚತಾರಾ ಹೋಟೆಲಿನ ಶೆಫ್ ಕುನಾಲ್ ಕಪೂರ್ ಅವರಲ್ಲೊಬ್ಬರು. ಆ ಜಾಗ ಸುರಕ್ಷಿತ. ಗೃಹಿಣಿ ಸೋತರೆ ಕಣ್ಣೀರು, ಚಪ್ಪಾಳೆ. ಹೋಟೆಲಿನ ಶೆಫ್ ಸೋತರೆ ಮರುದಿನದ ಸರ್ವಿಸ್‌ಗೆ ಅದೇ ಮುಖ ಹೊತ್ತು ತನ್ನ ಹುಡುಗರ ಮುಂದೆ ನಿಲ್ಲಬೇಕು.

ಆ ಮೇಜಿನ ಈಚೆಗೆ ವೃತ್ತಿಯವರನ್ನೇ ಕರೆತಂದದ್ದು 2012ರ 'ಫುಡಿಸ್ತಾನ್'. ದೆಹಲಿಯ ಎನ್‌ಡಿಟಿವಿಯ ಗುಡ್ ಟೈಮ್ಸ್ ಚಾನೆಲ್‌ನದು. ಭಾರತ, ಪಾಕಿಸ್ತಾನಗಳ ವೃತ್ತಿಪರ ಬಾಣಸಿಗರನ್ನು ಎರಡು ತಂಡ ಮಾಡಿ, ಕ್ರಿಕೆಟ್ ಪಂದ್ಯದ ಹಾಗೆ ಎದುರುಬದುರು ನಿಲ್ಲಿಸಿದರು. ತೀರ್ಪು ಕೊಡಲು ಪತ್ರಕರ್ತ ವೀರ್ ಸಾಂಘ್ವಿ, ಬ್ರಿಟಿಷ್ ಶೆಫ್ ಮೆರಿಲೀಸ್ ಪಾರ್ಕರ್, ಗಾಯಕಿ ನೂರ್‌ಜಹಾನರ ಮೊಮ್ಮಗಳು ನಟಿ ಸೋನ್ಯಾ ಜಹಾನ್. ಗೆದ್ದವರು ದೆಹಲಿಯ 'ಇಂಡಿಯನ್ ಆ್ಯಕ್ಸೆಂಟ್' ರೆಸ್ಟೋರೆಂಟಿನ ಮನೀಶ್ ಮೆಹ್ರೋತ್ರಾ, ಪಟ್ನಾದವರು. ಅವರು ಒಳ್ಳೆಯ ಶೆಫ್ ಎನ್ನುವುದರಲ್ಲಿ ಎರಡು ಮಾತಿಲ್ಲ.

ನನ್ನ ತಕರಾರು ಬೇರೆ. ಬಿರಿಯಾನಿ, ಕಬಾಬ್‌ಗಳಿಗೆ ಗಡಿ ಎಳೆದು ಸ್ಪರ್ಧೆ ಇಟ್ಟದ್ದು ಯಾವ ಊರಿನ ಚಾನೆಲ್? 1947ರಲ್ಲಿ ಪೇಶಾವರದಿಂದ ಬಂದ ನಿರಾಶ್ರಿತರು ದರಿಯಾಗಂಜ್‌ನಲ್ಲಿ ಮೋತಿ ಮಹಲ್ ತೆರೆದ ಮೇಲೆ ತಂದೂರನ್ನೇ ತನ್ನ ಗುರುತು ಮಾಡಿಕೊಂಡ ಊರಿನದು. ಬಟರ್ ಚಿಕನ್ ಯಾರದೆಂಬ ವ್ಯಾಜ್ಯ 2024ರಲ್ಲಿ ದೆಹಲಿ ಹೈಕೋರ್ಟ್ ತಲುಪಿತು. ಅಲ್ಲಿ ಎರಡೂ ಕಡೆಯವರು ಪೇಶಾವರದ ಹೆಸರು ಹೇಳಿಕೊಳ್ಳುವವರೇ. ಇನ್ನು ಭಾಷೆ. ಎರಡೂ ತಂಡದವರು ಒಲೆಯ ಮುಂದೆ ಆಡುವ ಮಾತು ಒಂದೇ: ದಮ್, ಭೂನ್‌ನಾ, ಬಘಾರ್. ಚಾನೆಲ್ಲಿನ ಭಾಷೆ ಮಾತ್ರ ಇಂಗ್ಲಿಷ್. ಎರಡು ದೇಶಕ್ಕೂ ಗೊತ್ತಿರುವ ಪದವನ್ನು ಬಿಟ್ಟು, ಇಬ್ಬರ ಅಡುಗೆಮನೆಗೂ ಹೊರಗಿನದಾದ ಭಾಷೆಯಲ್ಲಿ ತೂಗುವುದೆಂದರೆ, ನಾನು ಸಬ್‌ಟೈಟಲ್‌ನಲ್ಲಿ ಮಾಡಿದ್ದೇ ಆಯಿತಲ್ಲ! ಅಲ್ಲಿ ಪೂಸಾ ದಾರಿಯವನಿಗೆ ತನ್ನ ತಟ್ಟೆಯನ್ನು ವಿವರಿಸಲು ಬರುತ್ತದೆ. ಉಸ್ತಾದನ ದಾರಿಯವನಿಗೆ ಅದು ಕೈಯಲ್ಲಿರುತ್ತದೆ, ಬಾಯಲ್ಲಿರುವುದಿಲ್ಲ.

2023ರಲ್ಲಿ ಮಾಸ್ಟರ್‌ಶೆಫ್ ಇಂಡಿಯಾ ಗೆದ್ದದ್ದು ನಮ್ಮ ಮಂಗಳೂರಿನ ಮೊಹಮ್ಮದ್ ಆಶಿಕ್, ಇಪ್ಪತ್ತನಾಲ್ಕರ ಹುಡುಗ, ಜ್ಯೂಸ್ ಅಂಗಡಿ ನಡೆಸುತ್ತಿದ್ದವರು. ದಿನವಿಡೀ ಗಿರಾಕಿಗಳಿಗೆ ರುಚಿ ಮಾರುವವರನ್ನು ಮನೆಯಡುಗೆಯವರೆನ್ನಬೇಕೋ ವೃತ್ತಿಯವರೆನ್ನಬೇಕೋ? ಹೋಟೆಲಿನ ಬಿಳಿ ಕೋಟು ಹಾಕದಿದ್ದರೆ ವೃತ್ತಿಯವನಲ್ಲ ಎಂಬ ಲೆಕ್ಕವೂ ಆ ಫ್ರೆಂಚ್ ಪದದ ಜೊತೆಗೇ ಬಂದದ್ದಿರಬೇಕು.

ಸಬ್‌ಟೈಟಲ್ ಕಳಿಸಿ ಎರಡು ದಿನವಾದ ಮೇಲೆ ಶಿವಮೊಗ್ಗಕ್ಕೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ: ಮಸಾಲೆನ ಹೀಗೆಲ್ಲ ಮಾಡೋದಕ್ಕೆ ನೀವು ಏನಂತೀರಿ? 'ಎಣ್ಣೆ ಬಿಡೋ ತನಕ ಬಾಡಿಸೋದು ಅಂತೀವಪ್ಪ, ಇನ್ನೇನು' ಎಂದಳು. ಸಾಲಿಗೆ ಹಿಡಿಸುತ್ತಿತ್ತು. ಅಷ್ಟರಲ್ಲಿ ಕಂತು ಪ್ರಸಾರವಾಗಿತ್ತು.