ಕಲಘಟಗಿ ತೊಟ್ಟಿಲಿನ ಅರಗು

ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಹೊಳಪು ಕೊಡುವುದು ಅರಗು. ಹುಬ್ಬಳ್ಳಿಯಿಂದ ಕಾರವಾರದ ರಸ್ತೆ ಹಿಡಿದರೆ ಸುಮಾರು 30 ಕಿ.ಮೀ. ದೂರದಲ್ಲಿರುವ ಈ ಊರು ಬಯಲುಸೀಮೆ ಮುಗಿದು ಮಲೆನಾಡು ತೊಡಗುವ ಅಂಚಿನಲ್ಲಿದೆ. ಅತ್ತ ಯಲ್ಲಾಪುರ, ಹಳಿಯಾಳಗಳ ಸಾಗವಾನಿ ಕಾಡು. ಇತ್ತ ಹುಬ್ಬಳ್ಳಿ, ಧಾರವಾಡಗಳ ಪೇಟೆ. ಕಟ್ಟಿಗೆಯೂ ಗಿರಾಕಿಯೂ ಕೈಗೆಟುಕುವ ಇಂಥ ಜಾಗದಲ್ಲಿ ಬಡಿಗತನ ಬೇರೂರಿದ್ದರಲ್ಲಿ ಅಚ್ಚರಿಯಿಲ್ಲ. ಉತ್ತರ ಕರ್ನಾಟಕದಲ್ಲಿ ಚೊಚ್ಚಲ ಬಾಣಂತನ ತವರಿನದು, ತೊಟ್ಟಿಲು ಕೊಡುವ ಹೊಣೆಯೂ ತವರಿನದೇ. ಹೆಸರಿಡುವ ಕಾರ್ಯಕ್ಕೆ ಬೇಕಾದ ಸೀರೆ, ಖಣ, ಪಾತ್ರೆಗಳನ್ನು ದುರ್ಗದಬೈಲಿನ ಸುತ್ತಲಿನ ಅಂಗಡಿಗಳಲ್ಲಿ ಕೊಳ್ಳುವ ಹುಬ್ಬಳ್ಳಿಯ ಮನೆಗಳು ತೊಟ್ಟಿಲಿಗೆ ಮಾತ್ರ ಕಲಘಟಗಿಯ ಹೆಸರು ಹೇಳುತ್ತ ಬಂದಿವೆ.

ಮುತ್ತಗ, ಬಾರಿ, ಕುಸುಂ ಮರಗಳ ಎಳೆಯ ಕೊಂಬೆಗಳ ರಸ ಹೀರಿ ಬದುಕುವ ಸಣ್ಣ ಹುಳು ತನ್ನ ಮೈಮೇಲೆ ಒಸರಿಸಿಕೊಳ್ಳುವ ರಾಳವೇ ಅರಗು. ಭಾರತಕ್ಕೆ ಇದು ಹೊಸದಲ್ಲ. ಪಾಂಡವರನ್ನು ಸುಡಲೆಂದು ದುರ್ಯೋಧನ ಕಟ್ಟಿಸಿದ ಅರಗಿನ ಮನೆ ಎಲ್ಲರಿಗೂ ಗೊತ್ತಿರುವುದೇ. ಮರಕ್ಕೆ ಬಳಿಯುವ ಅರಗಿನ ಲೆಕ್ಕ 1590ರ ಸುಮಾರಿನ ಐನ್-ಇ-ಅಕ್ಬರಿಯಲ್ಲಿ ಸಿಗುತ್ತದೆ. ಅರಮನೆಯ ಬಿದಿರಿನ ತೆರೆಗಳಿಗೆ ಕೆಂಪು ಬೇಕಾದರೆ ನಾಲ್ಕು ಸೇರು ಅರಗಿಗೆ ಒಂದು ಸೇರು ಇಂಗಳೀಕ, ಹಳದಿ ಬೇಕಾದರೆ ಅಷ್ಟೇ ಹರಿತಾಳ ಎಂದು ಅಬುಲ್ ಫಜಲ್ ಬರೆದಿದ್ದಾನೆ. ಒಂದರಲ್ಲಿ ಪಾದರಸ, ಇನ್ನೊಂದರಲ್ಲಿ ಶಂಖಪಾಷಾಣ. ಕೂಸಿನ ಬಾಯಿಗೆ ಹೋಗಬಹುದಾದ ವಸ್ತುವಿಗೆ ಇವೆರಡೂ ತಕ್ಕವಲ್ಲ ಎಂಬ ಎಚ್ಚರ ಬಲು ತಡವಾಗಿ ಮೂಡಿತು.

ತೊಟ್ಟಿಲಿನ ಕಾಲು, ಕಂಬಿ, ಗುಂಡುಗಳಂಥ ದುಂಡನೆಯ ಭಾಗಗಳಿಗೆ ಅರಗು ಹತ್ತುವುದು ತಿರುಗಣೆಯ ಮೇಲೆ. ಕಟ್ಟಿಗೆ ಗರಗರ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಕಾವಿಗೆ ಅದು ಕರಗಿ ಮೈಗೆ ಅಂಟುತ್ತದೆ. ಅಷ್ಟಕ್ಕೇ ಬಿಟ್ಟರೆ ಉಂಗುರ ಉಂಗುರವಾಗಿ ಗೆರೆ ನಿಲ್ಲುತ್ತದೆ, ಕಟ್ಟಿಗೆಯ ರಂಧ್ರದ ಮೇಲೆ ಕುಳಿ ಬೀಳುತ್ತದೆ, ಗಾಳಿ ಸಿಕ್ಕಿಕೊಂಡಲ್ಲಿ ಗುಳ್ಳೆ ಏಳುತ್ತದೆ. ಇವುಗಳಿಗೆ ಮದ್ದು ಒಣಗಿದ ಕ್ಯಾದಗಿ ಗರಿ. ತಿರುಗುವ ಮೈಗೆ ಗರಿಯನ್ನು ಒತ್ತಿದರೆ ಅರಗು ಮತ್ತೆ ಮೆದುವಾಗುತ್ತದೆ, ಉಬ್ಬಿದ್ದು ಹರಿದು ತಗ್ಗು ತುಂಬುತ್ತದೆ, ಅದೇ ಹೊತ್ತಿಗೆ ಮೆರುಗೂ ಬರುತ್ತದೆ. ಕಡ್ಡಿ ಹೆಚ್ಚು ಕಾದರೆ ಬಣ್ಣ ಕಂದುತ್ತದೆ. ಈ ಒಂದು ತಪ್ಪಿಗೆ ಮಾತ್ರ ಕೆರೆದು ಮೊದಲಿನಿಂದ ಶುರು ಮಾಡುವುದೇ ದಾರಿ. ಉಳಿದೆಲ್ಲ ದೋಷಕ್ಕೂ ಕಾವು ಸಾಕು. ಅರಗು ಸುಮಾರು 75 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ, ತಣಿದರೆ ಗಟ್ಟಿಯಾಗುವ, ಮತ್ತೆ ಕಾಯಿಸಿದರೆ ಮತ್ತೆ ಕರಗುವ ವಸ್ತು. ಒಂದು ತಪ್ಪಿಗೆ ಇಡೀ ಕೆಲಸ ಹಾಳಾಗದ ಈ ಗುಣವಿದ್ದುದರಿಂದಲೇ ಹತ್ತಾರು ತುಂಡುಗಳ ತೊಟ್ಟಿಲಿಗೆ ಅರಗು ಹೇಳಿ ಮಾಡಿಸಿದಂತಾಯಿತು.

ಚನ್ನಪಟ್ಟಣದ ಗೊಂಬೆಯದೂ ಇದೇ ತಿರುಗಣೆ, ಇದೇ ಗರಿ. ಕಲಘಟಗಿಯ ಕಷ್ಟ ಇರುವುದು ಪಟ್ಟಿಗಳಲ್ಲಿ. ಕೃಷ್ಣನ ಬಾಲಲೀಲೆ, ರಾಮಾಯಣ, ಮಹಾಭಾರತದ ಪ್ರಸಂಗಗಳು ಮೂಡುವ ಚಪ್ಪಟೆ ಹಲಗೆಯನ್ನು ತಿರುಗಿಸಲಾಗದು. ಕೈಯ ಹದವೊಂದೇ ಅಲ್ಲಿ ಆಸರೆ. ಸಾಗವಾನಿಯ ಮೈಯಲ್ಲೇ ಎಣ್ಣೆಯಿದೆ, ಹಸಿ ಉಳಿದರೆ ನೀರೂ ಇದೆ. ಸರಿಯಾಗಿ ಒಣಗದ ಹಲಗೆಗೆ ಬಳಿದ ಯಾವ ಬಣ್ಣವೂ ಮುಂದೊಂದು ದಿನ ಸಿಪ್ಪೆ ಏಳುತ್ತದೆ. ಬಣ್ಣದ ದೋಷವೆಂದು ದೂರುವ ಎಷ್ಟೋ ಸಂಗತಿಗಳು ನಿಜಕ್ಕೂ ಕಟ್ಟಿಗೆಯವು.

ತೊಟ್ಟಿಲಿಗೆ ತನ್ನದೇ ಇನ್ನೊಂದು ಶತ್ರು ಉಂಟು: ಒದ್ದೆ ಬಟ್ಟೆ. ಬಹುಹೊತ್ತು ನೀರು ತಾಗಿದರೆ ಅರಗಿನ ಮೇಲೆ ಬಿಳಿಯ ಮಂಜು ಕೂಡುತ್ತದೆ. ಕ್ಷಾರಕ್ಕಂತೂ ಅದು ಕರಗಿಯೇ ಹೋಗುತ್ತದೆ; ಸೋಪಿನ ನೀರೂ ಹಳಸಿದ ಮೂತ್ರವೂ ಆ ಜಾತಿಯವೇ. ಮಂಜು ಮೇಲುಮೇಲಿನದಾದರೆ ಬಿಸಿಲಲ್ಲದ ಬೆಚ್ಚನೆಯ ಕಡೆ ಒಣಗಿಸಿ, ಎಣ್ಣೆಯ ಬಟ್ಟೆಯಿಂದ ಮೆಲ್ಲನೆ ಉಜ್ಜಿದರೆ ತಿಳಿಯಾಗುತ್ತದೆ. ಮೆರುಗು ತಿಂದುಹೋಗಿದ್ದರೆ ಆ ಭಾಗಕ್ಕಷ್ಟೇ ಹೊಸ ಅರಗು. ಹೊಸದು ಹಳೆಯದರೊಳಗೆ ಕರಗಿ ಕೂಡಿಕೊಳ್ಳುವುದರಿಂದ ತೇಪೆಯ ಗೆರೆ ಕಾಣುವುದಿಲ್ಲ. ಅಜ್ಜಿಯ ತೊಟ್ಟಿಲಲ್ಲಿ ಮೊಮ್ಮಗನೂ ಮಲಗುವುದು, ಒಂದೇ ತೊಟ್ಟಿಲು ಬಂಧುಗಳ ಮನೆಮನೆ ತಿರುಗುವುದು ಈ ಸೀಮೆಯಲ್ಲಿ ರೂಢಿಯಾದದ್ದಕ್ಕೆ ಸಾಗವಾನಿಯ ಗಟ್ಟಿತನದಷ್ಟೇ ಈ ರಿಪೇರಿಯ ಸುಲಭವೂ ಕಾರಣ.

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಅರಗಿನ ಕೆಂಪು ಬಣ್ಣಕ್ಕೂ ಬೆಲೆಯಿತ್ತು. 1856ರಲ್ಲಿ ರಸಾಯನವಿಜ್ಞಾನಿ ಪರ್ಕಿನ್ ಕಂಡುಹಿಡಿದ ಕೃತಕ ಬಣ್ಣ ಮತ್ತು ಅದರ ಬೆನ್ನಿಗೆ ಬಂದವು ಆ ಪೇಟೆಯನ್ನು ಮುಗಿಸಿದವು. ರಾಳ ಮಾತ್ರ ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ಇನ್ನಷ್ಟು ತುಟ್ಟಿಯಾಯಿತು. 1924ರಲ್ಲಿ ರಾಂಚಿಯ ಬಳಿ ಅರಗಿನದೇ ಸಂಶೋಧನಾ ಸಂಸ್ಥೆ, 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾದವು. ಚುನಾವಣೆಯ ಅಳಿಸದ ಶಾಯಿಯಿಂದ ಹೆಸರಾದದ್ದು ಈ ಕಾರ್ಖಾನೆಯೇ.

ಆ ಹೊತ್ತಿಗೆ ಅರಗಿಗೆ ಎದುರಾಳಿಗಳು ಹುಟ್ಟಿದ್ದರು. ಡಬ್ಬಿಯ ಎನಾಮಲ್ ಬಂತು. 1930ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಪಿಯೆರ್ ಕಾಸ್ತಾಂ ರೂಪಿಸಿದ ಎಪಾಕ್ಸಿ ರಾಳ 1946ರಲ್ಲಿ ಬಾಸೆಲಿನ ಸೀಬಾ ಕಂಪನಿಯ ಅರಾಲ್ಡೈಟ್ ಆಗಿ ಪೇಟೆ ಸೇರಿತು. ಗಾಳಕ್ಕೆ ಕಟ್ಟುವ ಮರದ ಹುಸಿಮೀನನ್ನು ಮನೆಯಲ್ಲೇ ಕೆತ್ತುವ ಹವ್ಯಾಸಿಗಳು ಇಂದು ಮೇಲ್ಮೆರುಗಿಗೆ ನಂಬುವುದು ಎಪಾಕ್ಸಿಯನ್ನೇ. ರಾಳ ಇಳಿಯದಿರಲೆಂದು ಅವರೂ ಹುಸಿಮೀನನ್ನು ನಿಧಾನ ತಿರುಗುವ ಚಕ್ರಕ್ಕೆ ಕಟ್ಟುತ್ತಾರೆ. ನೀರಿಗೆ ಎಪಾಕ್ಸಿ ಅರಗಿಗಿಂತ ಬಹಳ ಗಟ್ಟಿ, ಆದರೆ ಕ್ಷಮೆಯಿಲ್ಲದ ವಸ್ತು. ಗುಳ್ಳೆಯನ್ನು ಹಸಿ ಇರುವಾಗಲೇ ಬಿಸಿ ಸೋಕಿಸಿ ಒಡೆಯಬೇಕು. ಎಣ್ಣೆಯ ಬೆರಳು ತಾಗಿದಲ್ಲಿ ರಾಳ ಹಿಂಜರಿದು ಕುಳಿ ಬಿದ್ದರೆ, ಗಟ್ಟಿಯಾದ ಮೇಲೆ ಉಪ್ಪುಕಾಗದದಿಂದ ಉಜ್ಜಿ ಇನ್ನೊಂದು ಪದರ ಕೊಡಬೇಕು. ಎರಡು ಭಾಗಗಳ ಅಳತೆ ತಪ್ಪಿ ಅಂಟಂಟಾಗಿ ಉಳಿದದ್ದನ್ನು ಪೂರ್ತಿ ಕೆರೆದು ತೆಗೆಯದೆ ಗತ್ಯಂತರವಿಲ್ಲ. ಒಮ್ಮೆ ಬಿಗಿದ ಎಪಾಕ್ಸಿ ಎಷ್ಟು ಕಾಯಿಸಿದರೂ ಕರಗುವುದಿಲ್ಲ, ಸುಟ್ಟು ಹೋಗುತ್ತದೆ.

ಕಲಘಟಗಿಯಲ್ಲಿ ಈ ಕೆಲಸ ಇಂದು ಕೆಲವೇ ಮನೆತನಗಳ ಕೈಯಲ್ಲಿದೆ. 2018ರಲ್ಲಿ ನಟ ಅಂಬರೀಷ್ ಅವರು ನಟ ಯಶ್ ದಂಪತಿಯ ಕೂಸಿಗೆಂದು ಇಲ್ಲಿಯೇ ತೊಟ್ಟಿಲು ಮಾಡಿಸಿದ ಸುದ್ದಿ ಊರಿನ ಹೆಸರನ್ನು ದೂರದವರಿಗೂ ಮುಟ್ಟಿಸಿತು. ಹಳೆಯ ತೊಟ್ಟಿಲುಗಳ ಗತಿ ಅಷ್ಟು ಸುಖದ್ದಲ್ಲ. ಮಂಕಾಯಿತೆಂದು ಮನೆಯವರೇ ಎನಾಮಲ್ ಬಳಿದದ್ದುಂಟು. ಕಾವು ಕೊಟ್ಟರೆ ಮೇಲಿನ ಎನಾಮಲ್ ಸುಕ್ಕಾಗಿ ಏಳುತ್ತದೆ, ಅದರೊಂದಿಗೆ ಕೆಳಗಿನ ಅರಗೂ ಕಿತ್ತು ಬರುತ್ತದೆ. ಅಂಥದ್ದನ್ನು ಸರಿಪಡಿಸಲು ಕಟ್ಟಿಗೆಯವರೆಗೆ ಕೆರೆದು, ಚಿತ್ರವನ್ನೂ ಹೊಸದಾಗಿ ಬರೆಯಬೇಕಾಗುತ್ತದೆ.