ಪೆಟ್ಟಿಗೆಗೆ ನಿಯಮ ಬಂತು, ಪುಟಕ್ಕೆ ಬರಲಿಲ್ಲ

1996ರಲ್ಲಿ 'ಮೈ ಯಾಹೂ' ಶುರುವಾದಾಗ ಓದುಗರ ಕೈಗೆ ಸಿಕ್ಕ ಹೊಸ ಅಧಿಕಾರ ಇಷ್ಟೇ: ಸುದ್ದಿ, ಹವಾಮಾನ, ಷೇರು ದರದ ಪೆಟ್ಟಿಗೆಗಳಲ್ಲಿ ತಮಗೆ ಯಾವುದು ಬೇಕು, ಅದು ಪುಟದಲ್ಲಿ ಎಲ್ಲಿರಬೇಕು ಎಂದು ತಾವೇ ಹೇಳುವುದು. ಕಚೇರಿಗಳಿಗೂ ಇದು ಹಿಡಿಸಿತು. ರಜೆ ಅರ್ಜಿ, ಸುತ್ತೋಲೆ, ಸಂಬಳದ ವಿವರ ಎಲ್ಲವೂ ಒಂದೇ ಪುಟದಲ್ಲಿ ಸಿಗಬೇಕೆಂಬ ಬೇಡಿಕೆಯಿಂದ ಅಪಾಚೆ ಜೆಟ್‌ಸ್ಪೀಡ್, ಐಬಿಎಂನ ವೆಬ್‌ಸ್ಫಿಯರ್ ಪೋರ್ಟಲ್, ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್, ಲೈಫ್‌ರೇ ಕೆಲವೇ ವರ್ಷಗಳೊಳಗೆ ಒಂದರ ಹಿಂದೊಂದು ಬಂದವು.

ಆದರೆ ಇಂಥ ಪುಟ ಕಟ್ಟಿಕೊಡುವ ಒಂದು ತಂತ್ರಾಂಶಕ್ಕೆ, ಎಂದರೆ ಪೋರ್ಟಲ್‌ಗೆ, ಬರೆದ ಪೆಟ್ಟಿಗೆ ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಜಾವಾ ಪೋರ್ಟಲ್‌ಗಳ ಮಟ್ಟಿಗೆ ಈ ತೊಡಕಿಗೆ 2003ರ 'ಜೆಎಸ್‌ಆರ್ 168' ಮಾನದಂಡ ಪರಿಹಾರ ಕೊಟ್ಟಿತು. ಪೋರ್ಟ್‌ಲೆಟ್, ಎಂದರೆ ಆ ಪೆಟ್ಟಿಗೆ, ಇಡೀ ಪುಟ ಬರೆಯುವಂತಿಲ್ಲ, ತನ್ನ ಪಾಲಿನ ಎಚ್‌ಟಿಎಂಎಲ್ ತುಣುಕನ್ನಷ್ಟೇ ಕೊಡಬೇಕು. ತುಣುಕುಗಳನ್ನು ಜೋಡಿಸುವುದು ಪೋರ್ಟಲ್‌ನ ಕೆಲಸ. ನೋಡುವ, ತಿದ್ದುವ, ಸಹಾಯ ಕೇಳುವ ಮೂರು ಮೋಡ್‌ಗಳು. ಸಾಧಾರಣ, ಕುಗ್ಗಿದ, ಹಿಗ್ಗಿದ ಮೂರು ಸ್ಥಿತಿಗಳು. ಇಷ್ಟೆಲ್ಲ ಅಚ್ಚುಕಟ್ಟಾಗಿ ಹೇಳಿದ ಮಾನದಂಡ ಪುಟವನ್ನು ಹೇಗೆ ವಿನ್ಯಾಸಗೊಳಿಸಬೇಕು, ಆ ವಿನ್ಯಾಸ ಎಲ್ಲಿ ಉಳಿಯಬೇಕು ಎಂಬ ಬಗ್ಗೆ ಬಾಯಿ ಬಿಡಲಿಲ್ಲ. ಈ ಕ್ಷೇತ್ರದ ಮುಂದಿನ ಕತೆಯೆಲ್ಲ ಆ ಮೌನದ ಫಲ ಎಂದೇ ನನ್ನ ಅಭಿಪ್ರಾಯ.

ಹೀಗಾಗಿ ಒಬ್ಬೊಬ್ಬರದು ಒಂದೊಂದು ದಾರಿಯಾಯಿತು. ಜೆಟ್‌ಸ್ಪೀಡ್ 'ಪಿಎಸ್‌ಎಂಎಲ್' ಎಂಬ ತನ್ನದೇ ಎಕ್ಸ್‌ಎಂಎಲ್ ಬರಹವನ್ನು ನೆಚ್ಚಿತು. ಗೇಟ್‌ಇನ್ ಎಂಬ ಇನ್ನೊಂದು ಪೋರ್ಟಲ್‌ನ ಕಡತದಲ್ಲಿ ಪುಟ, ಅದರೊಳಗೆ ಕಂಟೇನರ್, ಅದರೊಳಗೆ ಪೋರ್ಟ್‌ಲೆಟ್. ಯಾರು ನೋಡಬಹುದು, ಯಾರು ತಿದ್ದಬಹುದು ಎಂಬುದೂ ಅದೇ ಕಡತದಲ್ಲಿ. ಲೈಫ್‌ರೇ 6ರ ವ್ಯವಸ್ಥೆ ಮಾತ್ರ ಬಿಡಿಸಿ ನೋಡುವಂಥದ್ದು. ಪುಟದ ಅಗಲವನ್ನು ಶೇಕಡಾ 30-70ರಂತೆ ಹಂಚುವ ಅಂಕಣಗಳ ಆಕಾರ ಒಂದು ಟೆಂಪ್ಲೇಟ್ ಕಡತದಲ್ಲಿರುತ್ತಿತ್ತು. ಯಾವ ಅಂಕಣದಲ್ಲಿ ಯಾವ ಪೆಟ್ಟಿಗೆ ಎಂಬುದು ಡೇಟಾಬೇಸಿನಲ್ಲಿ, ಒಂದೇ ಪಠ್ಯ ಕಾಲಮ್ಮಿನೊಳಗೆ ಸಾಲುಸಾಲಾಗಿ: ಮೊದಲ ಅಂಕಣಕ್ಕೆ 58, ಎರಡನೆಯದಕ್ಕೆ 47. 58 ಎಂದರೆ ಲಾಗಿನ್, 47 ಎಂದರೆ 'ಹಲೋ ವರ್ಲ್ಡ್'. ಟೆಂಪ್ಲೇಟ್ ಬದಲಿಸಿ ಅಂಕಣ ಕಡಿಮೆ ಮಾಡಿದರೆ ನೆಲೆ ತಪ್ಪಿದ ಪೆಟ್ಟಿಗೆಗಳು ಕೊನೆಯ ಅಂಕಣಕ್ಕೆ ಹೋಗಿ ಸೇರುತ್ತಿದ್ದವು. ಆಕಾರ ಡೆವಲಪರ್‌ನ ಕಡತದಲ್ಲಿ, ಜೋಡಣೆ ಅಡ್ಮಿನ್‌ನ ಡೇಟಾಬೇಸಿನಲ್ಲಿ. ಪರೀಕ್ಷಾ ಸರ್ವರ್‌ನಿಂದ ನಿಜವಾದ ಸರ್ವರ್‌ಗೆ ಕೋಡ್ ಸಲೀಸಾಗಿ ಹೋದರೂ ಪುಟಗಳನ್ನು ಪ್ರತ್ಯೇಕವಾಗಿ ರಫ್ತು ಮಾಡಿ ಆಮದು ಮಾಡಿಕೊಳ್ಳಬೇಕಿತ್ತು.

2008ರ 'ಜೆಎಸ್‌ಆರ್ 286' ಪೋರ್ಟ್‌ಲೆಟ್‌ಗಳು ಪರಸ್ಪರ ಮಾತಾಡಲು ಈವೆಂಟ್‌ಗಳನ್ನು ತಂದಿತು. ಪುಟದ ವಿಷಯದಲ್ಲಿ ಅದೂ ಮೌನಿಯೇ.

ಅಷ್ಟರಲ್ಲಿ ಏಟು ಬೇರೆ ಕಡೆಯಿಂದ ಬಿತ್ತು. 2010ರಲ್ಲಿ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ ಪರದೆಯ ಅಳತೆಗೆ ಹೊಂದಿಕೊಳ್ಳುವ 'ರೆಸ್ಪಾನ್ಸಿವ್' ವಿನ್ಯಾಸದ ವಿಚಾರ ಮುಂದಿಟ್ಟರು. ಮೊಬೈಲ್ ಪರದೆಯಲ್ಲಿ ಎಡಬಲಕ್ಕೆ ಅರ್ಥವೇ ಉಳಿಯದೆ ಅಂಕಣಗಳು ಒಂದರ ಕೆಳಗೊಂದು ಕೂತವು. ಬಲಬದಿಗೆ ತಳ್ಳಿದ್ದ 'ಸಂಪರ್ಕಿಸಿ' ಪೆಟ್ಟಿಗೆ ಪುಟದ ತಳ ಸೇರಿತು. ಕನ್ನಡದ ಪುಟಗಳಿಗೆ ಇನ್ನೊಂದು ಪಾಡು: ಇಂಗ್ಲಿಷ್ ಅಳತೆಗೆ ಮಾಡಿದ ಇಕ್ಕಟ್ಟಿನ ಅಂಕಣದಲ್ಲಿ 'ಕಾರ್ಯನಿರ್ವಹಣಾಧಿಕಾರಿ'ಯಂಥ ಪದ ಒಡೆಯುವುದೂ ಇಲ್ಲ, ಹಿಡಿಯುವುದೂ ಇಲ್ಲ. ಓದುಗರೇ ಪುಟ ಜೋಡಿಸಿಕೊಳ್ಳುವ ಕನಸೂ ಮಂಕಾಯಿತು. 2013ರ ನವೆಂಬರ್‌ನಲ್ಲಿ ಗೂಗಲ್ ಅಂಥದ್ದೇ ತನ್ನ ಪುಟ 'ಐಗೂಗಲ್' ಅನ್ನು ನಿಲ್ಲಿಸಿತು. ದಿನವೂ ಪೆಟ್ಟಿಗೆ ಎಳೆದಾಡುವ ಉಮೇದು ಹೆಚ್ಚಿನವರಿಗೆ ಎಂದೂ ಇರಲಿಲ್ಲವೆಂದು ನನಗನಿಸುತ್ತದೆ.

ಪುಟ ಜೋಡಿಸುವ ಆ ಅಧಿಕಾರ ಈಗ ಸಂಪಾದಕರ ಕೈಯಲ್ಲಿದೆ. 2018ರಲ್ಲಿ ಲೈಫ್‌ರೇ 7.1 ಪುಟ ಕಟ್ಟುವ ತುಣುಕುಗಳಾದ 'ಫ್ರಾಗ್ಮೆಂಟ್'ಗಳನ್ನು ತಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ವರ್ಡ್‌ಪ್ರೆಸ್ 5.0 ಬ್ಲಾಕ್ ಎಡಿಟರ್ ಕೊಟ್ಟಿತು. 2019ರಲ್ಲಿ ಡ್ರೂಪಲ್ 8.7ರ ಲೇಔಟ್ ಬಿಲ್ಡರ್ ಬಳಕೆಗೆ ಸಿದ್ಧವಾಯಿತು. ಕೋಡ್ ಬಾರದವರೂ ಇವುಗಳಲ್ಲಿ ಪುಟ ಕಟ್ಟಬಲ್ಲರು. ಆದರೆ ಜೋಡಣೆಯನ್ನು ಉಳಿಸುವ ರೀತಿ ಒಂದೊಂದರದು ಒಂದೊಂದು. ವರ್ಡ್‌ಪ್ರೆಸ್ ಬ್ಲಾಕಿನ ಗುರುತನ್ನು ಬರಹದೊಳಗೇ ಎಚ್‌ಟಿಎಂಎಲ್ ಟಿಪ್ಪಣಿಯಾಗಿ ಅಡಗಿಸುತ್ತದೆ. ಇದೇ ಬಗೆಯ ಇನ್ನೊಂದು ತಂತ್ರಾಂಶ ಪ್ಲೋನ್ 6 ಬ್ಲಾಕುಗಳನ್ನು ಜೇಸನ್ ರೂಪದಲ್ಲಿ ಇಡುತ್ತದೆ. ಡ್ರೂಪಲ್‌ನಲ್ಲಿ ಮೂಲ ವಿನ್ಯಾಸ ಕಾನ್ಫಿಗರೇಶನ್‌ನಲ್ಲಿದ್ದರೆ ಒಂದೊಂದು ಪುಟಕ್ಕೆ ಮಾಡಿದ ಬದಲಾವಣೆ ಆ ಪುಟದ ದಾಖಲೆಯೊಂದಿಗೆ ಹೋಗುತ್ತದೆ. ಒಂದರಿಂದ ಇನ್ನೊಂದಕ್ಕೆ ಸಾಗಿಸುವಾಗ ಬರಹ, ಚಿತ್ರಗಳು ಬರುತ್ತವೆ. ಜೋಡಣೆಯನ್ನು ಈಗಲೂ ಹೊಸದಾಗಿ ಮಾಡಬೇಕು.